ಪಿಂಚಣಿಗೆ ವಯಸ್ಸು ಕೇಳುತ್ತಾರೆ, ಮನೆ ತೆರಿಗೆಗೆ ಚದರಡಿ ಮಾತ್ರ

ಸೇಲಂ, ಧರ್ಮಪುರಿ ಜಿಲ್ಲೆಗಳ ಹಿರಿಯರಿಗೆ ಪ್ರತ್ಯೇಕ ರಿಯಾಯಿತಿ ಇಲ್ಲ; ಇರುವ ದಾರಿಗಳನ್ನಾದರೂ ತಿಳಿದಿರಬೇಕು

ಧರ್ಮಪುರಿ: ರೈಲ್ವೆ, ಬ್ಯಾಂಕು, ಆದಾಯ ತೆರಿಗೆ ಎಲ್ಲವೂ ಅರವತ್ತು ದಾಟಿದವರನ್ನು ಒಂದಲ್ಲ ಒಂದು ಸಮಯದಲ್ಲಿ ಬೇರೆ ಸಾಲಿನಲ್ಲಿ ನಿಲ್ಲಿಸಿ ಗೌರವ ಕೊಟ್ಟಿವೆ. ಆದರೆ ತಮಿಳುನಾಡಿನ ನಗರಸಭೆ, ಮಹಾನಗರ ಪಾಲಿಕೆಗಳ ಮನೆ ತೆರಿಗೆ ಪುಸ್ತಕದಲ್ಲಿ ಮಾಲೀಕರ ವಯಸ್ಸಿಗೆ ಕಲಂ ಇಲ್ಲ. ಮನೆ ಎಷ್ಟು ಚದರಡಿ, ಯಾವ ಬೀದಿ, ವಾಸಕ್ಕೋ ವ್ಯಾಪಾರಕ್ಕೋ, ಇಷ್ಟೇ ಅಲ್ಲಿಯ ಲೆಕ್ಕ. ಇಪ್ಪತ್ತೈದು ವರ್ಷದ ಉದ್ಯೋಗಸ್ಥನಿಗೂ ಎಪ್ಪತ್ತೈದರ ಒಂಟಿ ಅಜ್ಜಿಗೂ ಒಂದೇ ದರ.

ಸೇಲಂ ನಗರದ ನೇಯ್ಗೆ ಬೀದಿಗಳ ದೇವಾಂಗ ಕುಟುಂಬಗಳು, ಮೇಟೂರು ಬಳಿಯ ಕೊಳತ್ತೂರು ಕಡೆಯವರು, ಧರ್ಮಪುರಿ ಜಿಲ್ಲೆಯ ಪೆನ್ನಾಗರಂ, ಪಾಲಕ್ಕೋಡು ಸುತ್ತಿನವರು ಎಂದು ಈ ಭಾಗದಲ್ಲಿ ಮನೆಮಾತು ಕನ್ನಡವಾಗಿರುವ ಹಳೆಯ ಕುಟುಂಬಗಳು ಬೇಕಾದಷ್ಟಿವೆ. ಮಕ್ಕಳು ಬೆಂಗಳೂರು, ಹೊಸೂರು, ತಿರುಪ್ಪೂರು ಎಂದು ದುಡಿಯಲು ಹೋದ ಮೇಲೆ ಮನೆಯಲ್ಲಿ ಉಳಿಯುವವರು ಮುದುಕರು. ಮನೆ ಸ್ವಂತದ್ದು, ಕೈಯಲ್ಲಿ ಕಾಸಿಲ್ಲ. ತೆರಿಗೆ ಚೀಟಿ ಬಂದಾಗ ಕಷ್ಟ ಶುರುವಾಗುವುದು ಇಲ್ಲೇ.

ಏರಿದ್ದು ಹೇಗೆ?

ಚೆನ್ನೈ ಬಿಟ್ಟು ಉಳಿದ ಊರುಗಳಲ್ಲಿ ಆಸ್ತಿ ತೆರಿಗೆ 2008ರಲ್ಲಿ ಪರಿಷ್ಕರಣೆಯಾಗಿತ್ತು. ಆಮೇಲೆ ಹತ್ತು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. 2018ರಲ್ಲಿ ಏರಿಸಲು ಆದೇಶವಾಯಿತು. ಜನರ ವಿರೋಧ ಬಂದು 2019ರ ನವೆಂಬರಿನಲ್ಲಿ ಅದನ್ನು ತಡೆಹಿಡಿಯಲಾಯಿತು. ಕೊನೆಗೆ 2022ರ ಏಪ್ರಿಲ್‌ನಿಂದ ಹೊಸ ದರ ಬಂತು. ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಪಡಿಸದಿದ್ದರೆ, ರಾಜ್ಯದ ಬೆಳವಣಿಗೆಗೆ ತಕ್ಕಂತೆ ಏರಿಸದಿದ್ದರೆ ನಗರಗಳಿಗೆ ಅನುದಾನವಿಲ್ಲ ಎಂದು 15ನೇ ಹಣಕಾಸು ಆಯೋಗ ಹಾಕಿದ ಷರತ್ತೂ ಇದಕ್ಕೆ ಒಂದು ಕಾರಣ.

ಆ ಏರಿಕೆಯಲ್ಲಿ ಚೆನ್ನೈ ಹೊರಗಿನ ವಾಸದ ಮನೆಗಳಿಗೆ ನಾಲ್ಕು ಮೆಟ್ಟಿಲು ಮಾಡಿದರು. 600 ಚದರಡಿವರೆಗಿನ ಮನೆಗೆ ಶೇ. 25, 601ರಿಂದ 1,200ರವರೆಗೆ ಶೇ. 50, 1,201ರಿಂದ 1,800ರವರೆಗೆ ಶೇ. 75, ಅದಕ್ಕೂ ದೊಡ್ಡದಕ್ಕೆ ಶೇ. 100. ಚಿಕ್ಕ ಮನೆಯವರಿಗೆ ಪೆಟ್ಟು ಕಡಿಮೆ ಇರಲಿ ಎಂಬುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ದೊಡ್ಡ ಮನೆ ಎಂದರೆ ದೊಡ್ಡ ಆದಾಯ ಎಂಬ ಲೆಕ್ಕ ಹಳೆ ಊರುಗಳಲ್ಲಿ ಸರಿಹೋಗುವುದಿಲ್ಲ. ಅಜ್ಜನ ಕಾಲದಲ್ಲಿ ಅವಿಭಕ್ತ ಕುಟುಂಬಕ್ಕೆಂದು ಕಟ್ಟಿದ ಹೆಂಚಿನ ಮನೆ, ಮಗ್ಗದ ಕೋಣೆ, ಜಗಲಿ, ದನದ ಕೊಟ್ಟಿಗೆ ಸೇರಿ ಎರಡು ಸಾವಿರ ಚದರಡಿ ಇರಬಹುದು. ಈಗ ಅದರಲ್ಲಿ ದೀಪ ಉರಿಯುವುದು ಒಂದೇ ಕೋಣೆಯಲ್ಲಿ.

ಒಂದು ಲೆಕ್ಕ ನೋಡಿ. 1,100 ಚದರಡಿ ಮನೆಗೆ ಮೊದಲು ಅರ್ಧ ವರ್ಷಕ್ಕೆ 800 ರೂಪಾಯಿ ಇತ್ತು ಎಂದುಕೊಂಡರೆ, ಶೇ. 50 ಸೇರಿ 1,200 ಆಗುತ್ತದೆ. ತಮಿಳುನಾಡಿನ ವೃದ್ಧಾಪ್ಯ ಪಿಂಚಣಿ 2023ರ ಆಗಸ್ಟಿನಲ್ಲಿ ನಿಗದಿಯಾದದ್ದು ತಿಂಗಳಿಗೆ 1,200 ರೂಪಾಯಿ. ಅಂದರೆ ಆರು ತಿಂಗಳಿಗೊಮ್ಮೆ ಒಂದು ತಿಂಗಳ ಪಿಂಚಣಿ ಮೊತ್ತ ಪೂರ್ತಿ ಮನೆ ತೆರಿಗೆಗೆ ಹೋಯಿತು. ನೀರಿನ ಶುಲ್ಕ, ಒಳಚರಂಡಿ ಶುಲ್ಕ ಇದ್ದರೆ ಅದು ಬೇರೆ. ಮನೆ ಇದ್ದವರಿಗೆಲ್ಲ ಈ ಪಿಂಚಣಿ ಸಿಗುವುದೂ ಇಲ್ಲ. ಅದಕ್ಕೆ ಆಸ್ತಿ, ಆದಾಯದ ಷರತ್ತುಗಳಿವೆ.

ಮುಂದಿನ ಲೆಕ್ಕ ಇನ್ನೂ ಯೋಚನೆ ಮಾಡುವಂಥದ್ದು. 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಗರ ಸ್ಥಳೀಯ ಸಂಸ್ಥೆಗಳ ನಿಯಮದಲ್ಲಿ ತೆರಿಗೆಯನ್ನು ವರ್ಷಕ್ಕೆ ಕನಿಷ್ಠ ಶೇ. 6ರಷ್ಟು ಏರಿಸಲು ಅವಕಾಶವಿದೆ. ವರ್ಷ ವರ್ಷ ಶೇ. 6 ಏರಿದರೆ 12 ವರ್ಷದಲ್ಲಿ ತೆರಿಗೆ ಎರಡು ಪಟ್ಟಾಗುತ್ತದೆ. 1,200 ಇದ್ದದ್ದು 2,400 ದಾಟುತ್ತದೆ. ಇತ್ತ ವೃದ್ಧಾಪ್ಯ ಪಿಂಚಣಿ 2011ರಲ್ಲಿ 500ರಿಂದ 1,000 ರೂಪಾಯಿಗೆ ಏರಿತ್ತು. 1,200 ಆಗಲು 2023 ಬರಬೇಕಾಯಿತು. ಆ 12 ವರ್ಷದಲ್ಲಿ ಏರಿದ್ದು ಶೇ. 20 ಮಾತ್ರ. ತೆರಿಗೆ ಮೆಟ್ಟಿಲು ಹತ್ತುವ ವೇಗಕ್ಕೂ ಮುದುಕರ ವರಮಾನ ಹತ್ತುವ ವೇಗಕ್ಕೂ ಎಲ್ಲಿಯ ಹೋಲಿಕೆ?

ಬೇರೆ ಕಡೆ ಹೇಗಿದೆ?

ಹಿರಿಯರಿಗೆ ರಿಯಾಯಿತಿ ಕೊಡುವುದು ಹೊಸ ವಿಚಾರವೇನಲ್ಲ. ದೆಹಲಿ ಮಹಾನಗರ ಪಾಲಿಕೆಯ ಪದ್ಧತಿಯಲ್ಲಿ ಹಿರಿಯ ನಾಗರಿಕರು, ಮಹಿಳೆಯರು ಹಾಗೂ ಅಂಗವಿಕಲರಿಗೆ ಸ್ವಂತ ವಾಸದ ಒಂದು ಮನೆಗೆ, 200 ಚದರ ಮೀಟರ್‌ವರೆಗೆ, ತೆರಿಗೆಯಲ್ಲಿ ಶೇ. 30 ವಿನಾಯಿತಿ ಇದೆ. ಕೇರಳ ವಯಸ್ಸು ನೋಡದೆ ಗಾತ್ರ ನೋಡಿತು. 2023ರಲ್ಲಿ 60 ಚದರ ಮೀಟರ್, ಅಂದರೆ ಸುಮಾರು 645 ಚದರಡಿವರೆಗಿನ ಸ್ವಂತ ವಾಸದ ಮನೆಗೆ ತೆರಿಗೆಯನ್ನೇ ಬಿಟ್ಟುಕೊಡಲು ತೀರ್ಮಾನಿಸಿತು. ಕಾಸರಗೋಡಿನ ಕನ್ನಡಿಗರ ಚಿಕ್ಕ ಮನೆಗಳೂ ಇದರಲ್ಲಿ ಬಂದವು. ಬೆಂಗಳೂರಿನಲ್ಲಿ 2008ರ ಘಟಕ ದರ ಪದ್ಧತಿ ಮಾಲೀಕರೇ ವಾಸವಿರುವ ಮನೆಗೆ ಬಾಡಿಗೆ ಮನೆಯ ಅರ್ಧ ದರವನ್ನಷ್ಟೇ ಹಾಕಿತು.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 65 ತುಂಬಿದವರ ಮನೆಗೆ ಶಾಲಾ ತೆರಿಗೆಯ ಮೊತ್ತಕ್ಕೆ ಮಿತಿ ಹಾಕಿಬಿಡುತ್ತಾರೆ. ಮನೆಯ ಬೆಲೆ ಎಷ್ಟೇ ಏರಲಿ, ಆ ಮೊತ್ತ ಏರುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ್ದು ಇನ್ನೊಂದು ದಾರಿ. ಅಲ್ಲಿ 55 ದಾಟಿದವರು ತೆರಿಗೆಯನ್ನು ಮುಂದಕ್ಕೆ ಹಾಕಬಹುದು. ಸರ್ಕಾರ ಅದನ್ನು ಮನೆಯ ಮೇಲಿನ ಸಾಲ ಎಂದು ಬರೆದುಕೊಂಡು, ಮನೆ ಮಾರಿದಾಗಲೋ ಮಾಲೀಕರು ತೀರಿಕೊಂಡ ಮೇಲೋ ಬಡ್ಡಿ ಸಮೇತ ವಸೂಲು ಮಾಡುತ್ತದೆ. ಇದರಿಂದ ಸರ್ಕಾರಕ್ಕೆ ನಷ್ಟವಿಲ್ಲ, ಮುದುಕರಿಗೆ ಮನೆ ಉಳಿಯಿತು.

ರಿಯಾಯಿತಿಗೆ ಎದುರು ವಾದವೂ ಇದೆ. ನಗರಸಭೆಗೆ ಸ್ವಂತ ವರಮಾನ ಎಂದು ಇರುವುದರಲ್ಲಿ ದೊಡ್ಡದು ಇದೇ ತೆರಿಗೆ. ಬೀದಿದೀಪ, ಕಸ, ಕುಡಿಯುವ ನೀರು ಇದರಿಂದಲೇ ನಡೆಯಬೇಕು, ಆ ಸೌಲಭ್ಯ ಹೆಚ್ಚು ಬೇಕಾಗಿರುವುದೂ ವಯಸ್ಸಾದವರಿಗೇ. ವಯಸ್ಸೊಂದನ್ನೇ ನೋಡಿ ಬಿಟ್ಟರೆ ನಾಲ್ಕು ಅಂಗಡಿ ಬಾಡಿಗೆ ತಿನ್ನುವ ಹಿರಿಯರಿಗೂ ಲಾಭ ಹೋಗುತ್ತದೆ. ಹಾಗಾಗಿ ಒಂದೇ ಮನೆ, ಸ್ವಂತ ವಾಸ, ಕಡಿಮೆ ಆದಾಯ ಎಂಬ ಮೂರು ಷರತ್ತು ಹಾಕಿ ಕೊಡುವುದು ನ್ಯಾಯವಾದ ದಾರಿ.

ಈಗ ಇರುವ ದಾರಿಗಳು

ವಯಸ್ಸಿನ ರಿಯಾಯಿತಿ ಇಲ್ಲದಿದ್ದರೂ ಕೈಗೆ ಸಿಗುವ ಕೆಲವು ಅನುಕೂಲಗಳಿವೆ.

ಮೊದಲನೆಯದು ಬೇಗ ಕಟ್ಟುವುದು. ತೆರಿಗೆ ವರ್ಷಕ್ಕೆ ಎರಡು ಕಂತು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಏಪ್ರಿಲ್ 30ರೊಳಗೆ, ಅಕ್ಟೋಬರ್ 31ರೊಳಗೆ ಆಯಾ ಕಂತು ಕಟ್ಟಿದವರಿಗೆ ಶೇ. 5 ಪ್ರೋತ್ಸಾಹಧನ ಸಿಗುತ್ತದೆ, ಗರಿಷ್ಠ 5,000 ರೂಪಾಯಿ. ತಡಮಾಡಿದರೆ ತಿಂಗಳಿಗೆ ಶೇ. 1 ದಂಡ ಬೀಳುತ್ತದೆ. 1,200 ರೂಪಾಯಿಯ ಕಂತಿನಲ್ಲಿ ಬೇಗ ಕಟ್ಟಿದರೆ 60 ರೂಪಾಯಿ ಉಳಿತಾಯ; ಬಾಕಿ ಬಿಟ್ಟರೆ ತಿಂಗಳಿಗೆ 12 ರೂಪಾಯಿ ಕೂಡುತ್ತಾ ಹೋಗುತ್ತದೆ. ಕಚೇರಿಗೆ ಹೋಗಲಾಗದವರ ಪರವಾಗಿ ದೂರದಲ್ಲಿರುವ ಮಗನೋ ಮಗಳೋ ಆನ್‌ಲೈನಿನಲ್ಲಿ ಕಟ್ಟಬಹುದು. ಬೇಕಾದ್ದು ತೆರಿಗೆ ಸಂಖ್ಯೆ ಒಂದೇ.

ಎರಡನೆಯದು ಅಳತೆ ನೋಡುವುದು. 600 ಚದರಡಿಗೂ 610 ಚದರಡಿಗೂ ನಡುವೆ ಏರಿಕೆ ಶೇ. 25ರಿಂದ ಶೇ. 50ಕ್ಕೆ ಹಾರಿದೆ. ಕುಸಿದುಬಿದ್ದ ಹಿಂದಿನ ಕೊಟ್ಟಿಗೆ, ಕೆಡವಿದ ಚಾವಡಿ ಇನ್ನೂ ಪುಸ್ತಕದಲ್ಲಿ ನಿಂತೇ ಇದ್ದರೆ ಇಲ್ಲದ ಗೋಡೆಗೂ ತೆರಿಗೆ ಕಟ್ಟಿದಂತೆ. ಅಂಗಡಿ ಮುಚ್ಚಿ ವರ್ಷಗಳಾದರೂ ‘ವ್ಯಾಪಾರ’ ಎಂದೇ ನಮೂದಿದ್ದರೆ ದರವೂ ಹಾಗೇ ಇರುತ್ತದೆ. ಮನೆಯಲ್ಲಿ ಮಗ್ಗ ಇರುವವರು, ಇದ್ದು ತೆಗೆದವರು ತಮ್ಮ ನಮೂದು ಹೇಗಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ತಪ್ಪಿದ್ದರೆ ಮರು ಅಳತೆ ಕೋರಿ ಆಯುಕ್ತರಿಗೆ ಲಿಖಿತ ಅರ್ಜಿ ಕೊಡಬೇಕು, ಸ್ವೀಕೃತಿ ಪಡೆಯಬೇಕು. ಬಾಯಿಮಾತಲ್ಲಿ ಹೇಳಿಬಂದರೆ ಏನೂ ಆಗುವುದಿಲ್ಲ. ಹೊಸದಾಗಿ ನೋಟೀಸು ಬಂದಿದ್ದರೆ ಅದರಲ್ಲಿ ಹೇಳಿದ ಗಡುವಿನೊಳಗೇ ಆಕ್ಷೇಪ ಹೋಗಬೇಕು.

ಮೂರನೆಯದು ಸೈನಿಕ ಕುಟುಂಬಗಳಿಗೆ. ಸೇನೆಯಿಂದ ನಿವೃತ್ತರಾದವರು, ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡವರು ಮನೆ ತೆರಿಗೆಯ ಸವಲತ್ತಿನ ಬಗ್ಗೆ ಜಿಲ್ಲಾ ಮಾಜಿ ಸೈನಿಕರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬೇಕು. ನಗರಸಭೆಯ ಕೌಂಟರಿನಲ್ಲಿ ಅಲ್ಲ.

ತೀರಿಕೊಂಡವರ ಹೆಸರಲ್ಲಿ ಮನೆ

ಹಳೆ ಮನೆಗಳ ದೊಡ್ಡ ತೊಡಕು ಹೆಸರಿನದ್ದು. ಗಂಡ ಹೋಗಿ ಹತ್ತು ವರ್ಷವಾದರೂ ರಸೀದಿ ಅವರ ಹೆಸರಲ್ಲೇ ಬರುತ್ತಿರುತ್ತದೆ, ಕೆಲವು ಕಡೆ ಮಾವನ ಹೆಸರಲ್ಲಿ. ದುಡ್ಡು ಕಟ್ಟೋಕೆ ಇದು ಅಡ್ಡಿಯಲ್ಲ, ಯಾರು ಕಟ್ಟಿದರೂ ತಗೊಳ್ತಾರೆ. ಅಳತೆ ತಿದ್ದಿ ಎಂದೋ ದರ ಇಳಿಸಿ ಎಂದೋ ಅರ್ಜಿ ಹಾಕಿದಾಗ ಮಾತ್ರ ‘ನೀವ್ಯಾರು?’ ಎಂಬ ಪ್ರಶ್ನೆ ಬರುತ್ತದೆ. ಮರಣ ಪ್ರಮಾಣಪತ್ರ, ತಹಶೀಲ್ದಾರರು ಕೊಡುವ ವಾರಸುದಾರರ ಪ್ರಮಾಣಪತ್ರ, ಮನೆಯ ಪತ್ರ, ಬಾಕಿ ಇಲ್ಲದ ರಸೀದಿ ಇಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ವಾರಸುದಾರರ ಪ್ರಮಾಣಪತ್ರಕ್ಕೆ ಇ-ಸೇವೆ ಕೇಂದ್ರದಲ್ಲಿ ಅರ್ಜಿ ಹಾಕಬಹುದು.

ಇನ್ನೊಂದು ಮಾತು ಹಿರಿಯರು ಮರೆಯಬಾರದು. ತೆರಿಗೆ ಹೊರೆ ತಪ್ಪಲಿ ಎಂದು ಮನೆಯನ್ನೇ ಮಕ್ಕಳ ಹೆಸರಿಗೆ ಬರೆದುಕೊಡುವವರಿದ್ದಾರೆ. ತೆರಿಗೆ ರಸೀದಿಯಲ್ಲಿ ಹೆಸರು ಬದಲಾದರೆ ಒಡೆತನ ಬದಲಾಗುವುದಿಲ್ಲ. ನೋಂದಾಯಿತ ಪತ್ರದಿಂದ ಬದಲಾಗುತ್ತದೆ. ಎರಡೂ ಬೇರೆ ಬೇರೆ. ಬರೆದುಕೊಡಲೇಬೇಕಾದರೆ, ಕೊನೆವರೆಗೂ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆಗ ಮಕ್ಕಳು ಕೈಬಿಟ್ಟರೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಪ್ರಕಾರ ಆ ಪತ್ರವನ್ನು ರದ್ದು ಮಾಡಿಸಬಹುದು. ವರ್ಷಕ್ಕೆ ಎರಡು ಸಾವಿರದ ತೆರಿಗೆಗೆ ಹೆದರಿ ತಲೆಮೇಲಿನ ಸೂರು ಕಳೆದುಕೊಳ್ಳುವುದು ಜಾಣತನವಲ್ಲ.

ಹಳ್ಳಿಗಳಲ್ಲಿ

ಗ್ರಾಮ ಪಂಚಾಯಿತಿಗಳಲ್ಲಿ ಮನೆ ತೆರಿಗೆ 1994ರ ಪಂಚಾಯತ್ ಕಾಯ್ದೆ ಪ್ರಕಾರ ನಡೆಯುತ್ತದೆ. ಗುಡಿಸಲೋ ಹೆಂಚೋ ತಾರಸಿಯೋ ಎಂಬುದನ್ನೂ ಅಲ್ಲಿ ನೋಡುತ್ತಾರೆ, ಮೊತ್ತವೂ ಪಟ್ಟಣಕ್ಕಿಂತ ಕಡಿಮೆ. ಆದರೆ ಪಟ್ಟಣದ ಅಂಚಿನ ಹಳ್ಳಿಗಳನ್ನು ನಗರಕ್ಕೆ ಸೇರಿಸುವ ಕೆಲಸ ರಾಜ್ಯದಲ್ಲಿ ಆಗಾಗ ನಡೆಯುತ್ತದೆ. ಸೇರಿದ ಮೇಲೆ ಅದೇ ಮನೆ, ಅದೇ ಮುದುಕರು, ದರ ಮಾತ್ರ ಪಟ್ಟಣದ್ದು.

ಚೀಟಿ ತಮಿಳಿನಲ್ಲಿ

ಈ ಭಾಗದ ಕನ್ನಡಿಗ ಹಿರಿಯರಲ್ಲಿ ತಮಿಳು ಮಾತಾಡದವರು ಕಡಿಮೆ, ಓದಲು ಬಾರದವರು ಇದ್ದಾರೆ. ಚೀಟಿಯಲ್ಲಿ ‘ಸೊತ್ತುವರಿ’ ಎಂದರೆ ಆಸ್ತಿ ತೆರಿಗೆ, ‘ಅರೈಯಾಂಡು’ ಅರ್ಧ ವರ್ಷ, ‘ನಿಲುವೈ’ ಬಾಕಿ, ‘ಪರಪ್ಪಳವು’ ವಿಸ್ತೀರ್ಣ, ‘ಕುಡಿನೀರ್ ಕಟ್ಟಣಂ’ ನೀರಿನ ಶುಲ್ಕ. ಈ ಐದು ಪದ ಗೊತ್ತಿದ್ದರೆ ಚೀಟಿಯ ಮುಕ್ಕಾಲು ಪಾಲು ತಿಳಿಯುತ್ತದೆ. ಅಹವಾಲನ್ನು ಕನ್ನಡದಲ್ಲೂ ಬರೆದುಕೊಡಬಹುದು. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ದೂರು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಜೊತೆಗೆ ತಮಿಳಿನ ಪ್ರತಿ ಇಟ್ಟರೆ ಕೆಲಸ ಬೇಗ ಆಗುತ್ತದೆ ಎಂಬುದು ವ್ಯವಹಾರದ ಮಾತು.

ಜಿಲ್ಲಾಧಿಕಾರಿ ಕಚೇರಿಯಲ್ಲಿ ಸೋಮವಾರ ನಡೆಯುವ ಜನರ ಕುಂದುಕೊರತೆ ಸಭೆಗೆ ಒಬ್ಬೊಬ್ಬರೇ ಹೋಗಿ ತಮ್ಮ ಚೀಟಿ ತೋರಿಸಿದರೆ ಅದು ಒಂದು ಮನೆಯ ದೂರು. ಬೀದಿಯ ಹತ್ತು ಮನೆಯ ಹಿರಿಯರು ಒಟ್ಟಾಗಿ, ಒಂದೇ ಮನೆ ಇರುವ ಕಡಿಮೆ ಆದಾಯದ ವೃದ್ಧರಿಗೆ ದೆಹಲಿಯಂತೆ ರಿಯಾಯಿತಿ ಕೊಡಿ ಎಂದು ಕೇಳಿದರೆ ಅದು ಊರಿನ ಬೇಡಿಕೆ. ದರ ತೀರ್ಮಾನಿಸುವುದು ಚೆನ್ನೈನಲ್ಲಿ. ಆದರೆ ವಾರ್ಡಿನ ಸದಸ್ಯರ ಮೂಲಕ ನಗರಸಭೆಯಲ್ಲಿ ಒಂದು ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸಲು ಅಡ್ಡಿಯೇನಿಲ್ಲ. ಅಲ್ಲಿಯವರೆಗೆ ಏಪ್ರಿಲ್ 30 ಮತ್ತು ಅಕ್ಟೋಬರ್ 31, ಈ ಎರಡು ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳಿತು.