ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಉದ್ಯೋಗ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಮಿದುಳು, ಮಿದುಳುಬಳ್ಳಿ ಹಾಗೂ ದೃಷ್ಟಿನರಗಳನ್ನು ಬಾಧಿಸುವ ದೀರ್ಘಕಾಲದ ಕಾಯಿಲೆಯಾಗಿದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಹೊದಿಕೆಯಾದ ಮೈಲಿನ್ ಮೇಲೆ ದಾಳಿ ಮಾಡುವುದರಿಂದ ನರಸಂದೇಶಗಳು ನಿಧಾನಗೊಳ್ಳುತ್ತವೆ ಅಥವಾ ತಡೆಯಲ್ಪಡುತ್ತವೆ. ಈ ಕಾಯಿಲೆಯು ಸಾಮಾನ್ಯವಾಗಿ 20ರಿಂದ 40 ವರ್ಷ ವಯಸ್ಸಿನ ನಡುವೆ, ಅಂದರೆ ದುಡಿಮೆಯ ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ರೋಗಿಯು ಉದ್ಯೋಗದಲ್ಲಿ ಮುಂದುವರಿಯಲು ನೆರವಾಗುವುದು ಚಿಕಿತ್ಸೆಯ ಗುರಿಗಳಲ್ಲಿ ಒಂದಾಗಿದೆ. ಈ ನೆರವನ್ನು ವೃತ್ತಿ ಪುನರ್ವಸತಿ ಎಂದು ಕರೆಯಲಾಗುತ್ತದೆ.

ಹಿನ್ನೆಲೆ

ಫ್ರೆಂಚ್ ನರವೈದ್ಯ ಜೀನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಈ ಕಾಯಿಲೆಯನ್ನು ಪ್ರತ್ಯೇಕ ರೋಗವಾಗಿ ವಿವರಿಸಿದನು. ರೋಗದ ಗತಿಯನ್ನು ತಗ್ಗಿಸುವ ಮೊದಲ ಔಷಧವಾದ ಇಂಟರ್‌ಫೆರಾನ್ ಬೀಟಾ-1ಬಿಗೆ ಅಮೆರಿಕದಲ್ಲಿ 1993ರಲ್ಲಿ ಅನುಮೋದನೆ ದೊರೆಯಿತು. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಜನರಿಗೆ ಎಂ.ಎಸ್. ಇದ್ದು, ಅವರಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚು.

ಕೆಲಸದ ಮೇಲಿನ ಪರಿಣಾಮ

ತೀವ್ರ ಆಯಾಸ, ಕಾಲುಗಳ ಬಲಹೀನತೆ, ಮಂಜಾದ ದೃಷ್ಟಿ, ಮೂತ್ರ ನಿಯಂತ್ರಣದ ತೊಂದರೆ ಹಾಗೂ ಗಮನ ಮತ್ತು ನೆನಪಿನ ಕೊರತೆ ಮುಖ್ಯ ಲಕ್ಷಣಗಳು. ಇವುಗಳಲ್ಲಿ ಹಲವು ಹೊರನೋಟಕ್ಕೆ ಕಾಣುವುದಿಲ್ಲ. ಇದರಿಂದಾಗಿ ರೋಗಿಯ ಆಯಾಸವನ್ನು ಸೋಮಾರಿತನವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಮೈ ಬಿಸಿಯಾದಾಗ ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುತ್ತವೆ. ಇದನ್ನು ಊಟಾಫ್ ವಿದ್ಯಮಾನ ಎನ್ನುತ್ತಾರೆ. ಇದು ನರಗಳಿಗೆ ಹೊಸ ಹಾನಿಯಾಗಿರುವುದರ ಸೂಚನೆಯಲ್ಲ. ಮೈ ತಣ್ಣಗಾದಂತೆ ಲಕ್ಷಣಗಳು ಕಡಿಮೆಯಾಗುತ್ತವೆ.

ಕೋಲಾರ ಜಿಲ್ಲೆಯಲ್ಲಿ ಟೊಮೆಟೊ, ರಾಗಿ, ಹಿಪ್ಪುನೇರಳೆ ಕೃಷಿ ಹಾಗೂ ಹೈನುಗಾರಿಕೆ ಪ್ರಮುಖ ಕಸುಬುಗಳಾಗಿವೆ. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಂತಹ ಗ್ರಾಮಗಳಲ್ಲಿ ಬಿಸಿಲಿನಲ್ಲಿ ದುಡಿಯುವವರಿಗೆ ಈ ವಿದ್ಯಮಾನ ಗಂಭೀರ ಅಡ್ಡಿಯಾಗಬಲ್ಲದು. ಹೊಲದ ಕೆಲಸವನ್ನು ಮುಂಜಾನೆಗೆ ಬದಲಾಯಿಸುವುದು, ನಡುನಡುವೆ ನೆರಳಿನಲ್ಲಿ ವಿಶ್ರಮಿಸುವುದು ಮತ್ತು ಒದ್ದೆ ಬಟ್ಟೆಯಿಂದ ಮೈ ತಂಪಾಗಿಸಿಕೊಳ್ಳುವುದು ಸರಳ ಪರಿಹಾರಗಳಾಗಿವೆ.

ಆರೋಗ್ಯ ಸೇವೆಯ ಪಾತ್ರ

ಎಂ.ಆರ್.ಐ. ಸ್ಕ್ಯಾನ್ ಹಾಗೂ ಅಗತ್ಯವಿದ್ದಲ್ಲಿ ಬೆನ್ನುಹುರಿ ದ್ರವದ ಪರೀಕ್ಷೆಯಿಂದ ರೋಗವನ್ನು ಗುರುತಿಸಲಾಗುತ್ತದೆ. ರೋಗ ಮರುಕಳಿಸಿದಾಗ ಸ್ಟೀರಾಯ್ಡ್ ನೀಡುವುದರಿಂದ ಚೇತರಿಕೆ ಶೀಘ್ರವಾಗುತ್ತದೆ. ರೋಗದ ಗತಿ ತಗ್ಗಿಸುವ ಔಷಧಗಳು ಮರುಕಳಿಕೆಯ ಪ್ರಮಾಣವನ್ನು ಕಡಿಮೆ ಮಾಡುತ್ತವೆ. ಫಿಸಿಯೋಥೆರಪಿಯು ನಡಿಗೆ ಮತ್ತು ಸಮತೋಲನವನ್ನು ಸುಧಾರಿಸುತ್ತದೆ. ಆಕ್ಯುಪೇಷನಲ್ ಥೆರಪಿಸ್ಟ್ ದಿನದ ಕೆಲಸಗಳನ್ನು ಪರಿಶೀಲಿಸಿ, ಶಕ್ತಿ ಹೆಚ್ಚಿರುವ ಹೊತ್ತಿಗೆ ಕಠಿಣ ಕೆಲಸವನ್ನು ಹೊಂದಿಸಿಕೊಳ್ಳಲು ಕಲಿಸುತ್ತಾರೆ.

ಉದ್ಯೋಗ ತೊರೆದ ಬಳಿಕ ಮರಳುವುದಕ್ಕಿಂತ ಇರುವ ಉದ್ಯೋಗವನ್ನು ಉಳಿಸಿಕೊಳ್ಳುವುದು ಸುಲಭ. ಆದಕಾರಣ ವೈದ್ಯರು ಆರಂಭದ ಭೇಟಿಗಳಲ್ಲಿಯೇ ಕೆಲಸದ ಸ್ವರೂಪವನ್ನು ವಿಚಾರಿಸುವುದು ಪ್ರಯೋಜನಕಾರಿ. ಕೇವಲ ರೋಗದ ಹೆಸರನ್ನು ಬರೆದ ಪತ್ರಕ್ಕಿಂತ, ರೋಗಿಯು ಯಾವ ಕೆಲಸ ಮಾಡಬಲ್ಲರು ಮತ್ತು ಯಾವ ಬದಲಾವಣೆ ಬೇಕು ಎಂಬುದನ್ನು ತಿಳಿಸುವ ಪತ್ರವು ಉದ್ಯೋಗದಾತರಿಗೆ ಹೆಚ್ಚು ಉಪಯುಕ್ತ.

ಕರ್ನಾಟಕದಲ್ಲಿ ಸೌಲಭ್ಯಗಳು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರವಿಜ್ಞಾನ ವಿಭಾಗದೊಂದಿಗೆ ನರರೋಗ ಪುನರ್ವಸತಿ ವಿಭಾಗವೂ ಇದೆ. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನ ಮೊದಲ ಹಂತಕ್ಕೆ ಆಯ್ಕೆಯಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಪಾರ್ಶ್ವವಾಯು, ಅಪಸ್ಮಾರ, ತಲೆನೋವು ಮತ್ತು ಮರೆಗುಳಿತನಗಳು ಈ ಯೋಜನೆಯ ಮುಖ್ಯ ವಿಷಯಗಳಾಗಿವೆ. 1985ರಲ್ಲಿ ಸ್ಥಾಪನೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಬೆಂಗಳೂರಿನಲ್ಲಿ ಶಾಖೆ ಹೊಂದಿದೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ವಿಕಲಚೇತನರಿಗೆ ಸರ್ಕಾರಿ ಸೌಲಭ್ಯಗಳ ಬಗ್ಗೆ ಮಾಹಿತಿ ನೀಡುತ್ತಾರೆ.

ಕಾನೂನಿನ ರಕ್ಷಣೆ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಎಂ.ಎಸ್. ಸೇರಿದೆ. 1995ರ ಹಿಂದಿನ ಕಾಯ್ದೆಯ ಪಟ್ಟಿಯಲ್ಲಿ ಇದರ ಹೆಸರಿರಲಿಲ್ಲ. 20ನೆಯ ಪ್ರಕರಣದಂತೆ, ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆಯು ಸೇವೆಯಿಂದ ತೆಗೆಯುವಂತಿಲ್ಲ, ಹಿಂಬಡ್ತಿಯನ್ನೂ ನೀಡುವಂತಿಲ್ಲ. ಅವರು ಹಿಂದಿನ ಹುದ್ದೆಯನ್ನು ನಿರ್ವಹಿಸಲಾಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಯನ್ನು ನೀಡಬೇಕು. ಅಂತಹ ಹುದ್ದೆ ಇಲ್ಲದಿದ್ದಲ್ಲಿ, ಅದು ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಮುಂದುವರಿಸಬೇಕು.

ಮಿತಿಗಳು

ಸೇವೆಯಿಂದ ತೆಗೆಯದಂತೆ ಇರುವ ಈ ರಕ್ಷಣೆ ಸರ್ಕಾರಿ ಸಂಸ್ಥೆಗಳಿಗೆ ಸೀಮಿತವಾಗಿದೆ. ಕೂಲಿಕಾರರಿಗೆ ಮತ್ತು ಸ್ವಂತ ಜಮೀನಿನಲ್ಲಿ ದುಡಿಯುವವರಿಗೆ ಇದು ಅನ್ವಯಿಸುವುದಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿ ಕಲ್ಪಿಸುವ 34ನೆಯ ಪ್ರಕರಣದ ಪಟ್ಟಿಯಲ್ಲಿ ಎಂ.ಎಸ್. ಹೆಸರಿಸಲ್ಪಟ್ಟಿಲ್ಲ. ಅಲ್ಲದೆ ಅನೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಅಗತ್ಯ. ಎಂ.ಎಸ್. ಲಕ್ಷಣಗಳು ದಿನದಿಂದ ದಿನಕ್ಕೆ ಏರಿಳಿಯುವುದರಿಂದ, ಒಂದೇ ದಿನದ ತಪಾಸಣೆಯು ರೋಗಿಯ ನಿಜವಾದ ಸ್ಥಿತಿಯನ್ನು ಪೂರ್ಣವಾಗಿ ತೋರಿಸದೆ ಇರಬಹುದು. ಆದ್ದರಿಂದ ಮರುಕಳಿಕೆ, ಆಸ್ಪತ್ರೆ ದಾಖಲಾತಿ ಮತ್ತು ಕೆಲಸಕ್ಕೆ ಹೋಗಲಾಗದ ದಿನಗಳ ದಾಖಲೆಗಳನ್ನು ಇಟ್ಟುಕೊಳ್ಳುವುದು ರೋಗಿಗೆ ಸಹಾಯಕವಾಗುತ್ತದೆ.