ಶಾಸನಗಳ ಪ್ರಭೇದ ಮತ್ತು ದತ್ತಸಂಚಯದ ಕೋಷ್ಟಕ: ವರ್ಗಾನುವಂಶಿಕತೆಯನ್ನು ಕುರಿತ ವಿವೇಚನೆ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ ೧೮೯೪ರಲ್ಲಿ ಪ್ರಕಟವಾದಾಗ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಒಂದೇ ಹೊತ್ತಗೆಯಲ್ಲಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಆವೃತ್ತಿಯನ್ನು ಹೊರತಂದಾಗ ನಂಜನಗೂಡಿನವು ಮೂರನೆಯ ಸಂಪುಟಕ್ಕೂ (೧೯೭೪), ನರಸೀಪುರದವು ಐದನೆಯ ಸಂಪುಟಕ್ಕೂ (೧೯೭೬) ಸೇರಿದವು. ಹೆಮ್ಮರಗಾಲದ ಸುತ್ತಣ ಸೀಮೆಯ ಶಾಸನಗಳನ್ನು ಒಟ್ಟಾಗಿ ನೋಡಬಯಸುವ ಸಂಶೋಧಕನು ಎರಡು ಆವೃತ್ತಿಗಳ ಮೂರು ಸಂಪುಟಗಳನ್ನು ಎದುರಿಗಿಟ್ಟುಕೊಳ್ಳಬೇಕಾಗುತ್ತದೆ. ಇಂತಹ ಸಾಮಗ್ರಿಯನ್ನು ಗಣಕಕ್ಕೆ ಅಳವಡಿಸುವಾಗ ಎದುರಾಗುವ ಮೊದಲ ಪ್ರಶ್ನೆ ಲಿಪಿಯದಲ್ಲ, ವರ್ಗೀಕರಣದ್ದು.

ಇಂದಿನ ತಂತ್ರಾಂಶಗಳಲ್ಲಿ ಎರಡು ಬೇರೆ ಬೇರೆ ಪರಂಪರೆಗಳು ಸಂಧಿಸುತ್ತವೆ. ಒಂದು, ೧೯೬೦ರ ದಶಕದಲ್ಲಿ ನಾರ್ವೆಯ ಸಿಮುಲಾ ಭಾಷೆಯಿಂದ ಮೊದಲಾದ ವರ್ಗ ಹಾಗೂ ಆನುವಂಶಿಕತೆಯ ಕಲ್ಪನೆ. ಇಲ್ಲಿ ‘ಶಾಸನ’ವೆಂಬ ಮಾತೃವರ್ಗದ ಗುಣಗಳನ್ನು ‘ದಾನಶಾಸನ’, ‘ವೀರಗಲ್ಲು’, ‘ನಿಸಿಧಿ’ ಎಂಬ ಉಪವರ್ಗಗಳು ಪಡೆದುಕೊಂಡು, ತಮ್ಮವನ್ನೂ ಕೂಡಿಸಿಕೊಳ್ಳುತ್ತವೆ. ಇನ್ನೊಂದು, ೧೯೭೦ರಲ್ಲಿ ಇ. ಎಫ್. ಕಾಡ್ ಮಂಡಿಸಿದ ಸಂಬಂಧಾತ್ಮಕ ದತ್ತಸಂಚಯ. ಅದಕ್ಕೆ ಗೊತ್ತಿರುವುದು ಅಡ್ಡಸಾಲು, ಕಂಬಸಾಲುಗಳ ಕೋಷ್ಟಕ ಮಾತ್ರ. ತಾಯಿ-ಮಕ್ಕಳ ಸಂಬಂಧ ಅದರ ಮೂಲ ಕಲ್ಪನೆಯಲ್ಲಿಲ್ಲ. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವುದೇ ಆಬ್ಜೆಕ್ಟ್-ರಿಲೇಷನಲ್ ಮ್ಯಾಪರ್. ೨೦೦೧ರಲ್ಲಿ ಆರಂಭವಾದ ಹೈಬರ್ನೇಟ್ ಈ ಬಗೆಯ ತಂತ್ರಾಂಶಗಳಲ್ಲಿ ಹೆಸರಾದದ್ದು. ಮಾರ್ಟಿನ್ ಫೌಲರ್ ೨೦೦೨ರ ತಮ್ಮ ಗ್ರಂಥದಲ್ಲಿ ಆನುವಂಶಿಕತೆಯನ್ನು ಕೋಷ್ಟಕಕ್ಕಿಳಿಸುವ ಮೂರು ಮಾರ್ಗಗಳಿಗೆ ಹೆಸರಿಟ್ಟರು. ೨೦೦೬ರ ಜಾವಾ ಪರ್ಸಿಸ್ಟೆನ್ಸ್ ನಿರ್ದೇಶನವೂ ಈ ಮೂರನ್ನೇ ಹೇಳುತ್ತದೆ.

ಮೊದಲನೆಯದು ಏಕಕೋಷ್ಟಕ ಮಾರ್ಗ. ಎಲ್ಲ ಶಾಸನಗಳೂ ಒಂದೇ ಕೋಷ್ಟಕದಲ್ಲಿರುತ್ತವೆ. ಪ್ರಭೇದವನ್ನು ಸೂಚಿಸಲು ಒಂದು ಕಂಬಸಾಲು ಮೀಸಲಾಗಿರುತ್ತದೆ. ಹುಡುಕಾಟ ಶೀಘ್ರವಾಗುತ್ತದೆ. ಆದರೆ ವೀರಗಲ್ಲಿನ ಸಾಲಿನಲ್ಲಿ ಭೂಮಿಯ ಎಲ್ಲೆ, ದಾನಶಾಸನದ ಸಾಲಿನಲ್ಲಿ ಮಡಿದವನ ಹೆಸರು ಬರಿದಾಗಿ ಉಳಿಯುತ್ತವೆ. ಈ ಬರಿದು, ಶಾಸನ ತ್ರುಟಿತವಾದ್ದರಿಂದ ಬಂದದ್ದೋ, ಆ ಪ್ರಭೇದಕ್ಕೆ ಅದು ಅನ್ವಯಿಸದ್ದರಿಂದ ಬಂದದ್ದೋ ಎಂಬುದು ಆ ಕೋಶವನ್ನಷ್ಟೇ ನೋಡಿದವರಿಗೆ ತಿಳಿಯದು. ಶಾಸನತಜ್ಞರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಪ್ರತಿ ಉಪವರ್ಗಕ್ಕೂ ಸ್ವತಂತ್ರವಾದ ಪೂರ್ಣ ಕೋಷ್ಟಕವನ್ನು ಕೊಡುವ ಮಾರ್ಗ ಇಲ್ಲಿ ಉಪಯೋಗಕ್ಕೆ ಬಾರದು. ‘ಯಾವುದೇ ಶಾಸನ’ಕ್ಕೆ ಸಂಬಂಧಿಸಿದ ಗ್ರಂಥೋಲ್ಲೇಖವನ್ನು ಜೋಡಿಸಲು ಒಂದು ನೆಲೆಯೇ ಅದರಲ್ಲಿ ಇರುವುದಿಲ್ಲ.

ಮೂರನೆಯ ಮಾರ್ಗದಲ್ಲಿ ಊರು, ಕಾಲ, ಭಾಷೆ, ಪಾಠ ಮೊದಲಾದ ಸಮಾನಾಂಶಗಳು ಮಾತೃಕೋಷ್ಟಕದಲ್ಲಿಯೂ, ವಿಶೇಷಾಂಶಗಳು ಉಪಕೋಷ್ಟಕಗಳಲ್ಲಿಯೂ ಇರುತ್ತವೆ. ಉಪಕೋಷ್ಟಕದ ಮುಖ್ಯ ಕೀಲಿಯೇ ಮಾತೃಕೋಷ್ಟಕವನ್ನು ನಿರ್ದೇಶಿಸುವ ಕೀಲಿಯೂ ಆಗಿರುತ್ತದೆ. ಓದುವಾಗ ಕೋಷ್ಟಕಗಳನ್ನು ಕೂಡಿಸುವ ಶ್ರಮವಿದೆಯೆಂದು ಇದನ್ನು ಆಕ್ಷೇಪಿಸುವುದುಂಟು. ಲಕ್ಷಗಟ್ಟಲೆ ಲೇವಾದೇವಿಗಳ ಬ್ಯಾಂಕಿಗೆ ಈ ಆಕ್ಷೇಪ ಸಲ್ಲಬಹುದು. ಕೆಲವು ಸಾವಿರ ಶಾಸನಗಳಿಗೆ ಅದು ಲೆಕ್ಕಕ್ಕಿಲ್ಲ.

ನಿಜವಾದ ತೊಡಕು ಬೇರೆಡೆ ಇದೆ. ರೈಸ್ ಅವರ ಅದೇ ಮೂರನೆಯ ಸಂಪುಟದಲ್ಲಿ ಮಂಡ್ಯ ೪೧ ಎಂದು ದಾಖಲಾಗಿರುವ ಆತಕೂರಿನ ಶಾಸನವನ್ನು ನೋಡಬಹುದು. ಕ್ರಿ.ಶ. ೯೪೯-೫೦ರ ಈ ಕಲ್ಲು, ಹಂದಿಯೊಡನೆ ಸೆಣಸಿ ಮಡಿದ ಕಾಳಿ ಎಂಬ ನಾಯಿಯ ಸ್ಮಾರಕ. ಅದರ ಪೂಜೆಗೆ ಬಿಟ್ಟ ಭೂಮಿಯ ದಾನವೂ ಅದರಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ವಿಜಯದ ದಾಖಲೆಯೂ, ಬೂತುಗನು ಮಣಲೇರನಿಗೆ ಆತಕೂರನ್ನು ಕೊಟ್ಟ ವಿಷಯವೂ ಅದೇ ಕಲ್ಲಿನಲ್ಲಿವೆ. ಇದು ಸ್ಮಾರಕಶಿಲೆಯೋ ದಾನಶಾಸನವೋ ಎಂದು ಮ್ಯಾಪರ್ ಕೇಳಿದರೆ ಕೊಡಬಹುದಾದ ಪ್ರಾಮಾಣಿಕ ಉತ್ತರ ‘ಎರಡೂ’ ಎಂಬುದು. ಒಂದೇ ಕೀಲಿಯ ಸಾಲನ್ನು ಎರಡು ಉಪಕೋಷ್ಟಕಗಳಲ್ಲಿ ಇರಿಸಲು ದತ್ತಸಂಚಯದ ಅಡ್ಡಿಯಿಲ್ಲ. ಆದರೆ ಮ್ಯಾಪರ್ ಅವುಗಳಿಂದ ಒಂದೇ ವರ್ಗದ ವಸ್ತುವನ್ನು ಕಟ್ಟುತ್ತದೆ. ಪಾಠ ಪರಿಷ್ಕಾರದಿಂದ ಪ್ರಭೇದ ಬದಲಾದರೂ ಇದೇ ಕಷ್ಟ: ವಸ್ತುವಿನ ವರ್ಗವನ್ನು ಬದಲಿಸಲಾಗದು, ಹಳೆಯದನ್ನು ಅಳಿಸಿ ಹೊಸದನ್ನು ರಚಿಸಬೇಕು, ಆಗ ಅದನ್ನು ಅವಲಂಬಿಸಿದ ಉಲ್ಲೇಖಗಳು ಅನಾಥವಾಗುತ್ತವೆ.

ಕಾದಿ ಮಡಿದವನ ಕುಟುಂಬಕ್ಕೆ ಕೊಟ್ಟ ನೆತ್ತರುಗೊಡಗೆಯ ಶಾಸನಗಳನ್ನು ನೆನೆದರೆ ಇದರ ಗಾಂಭೀರ್ಯ ಅರಿವಾಗುತ್ತದೆ. ಅವೆಲ್ಲವನ್ನೂ ವೀರಗಲ್ಲಿನ ಉಪವರ್ಗಕ್ಕೆ ಸೇರಿಸಿಬಿಟ್ಟರೆ, ಭೂದಾನಗಳನ್ನು ಎಣಿಸುವ ಸಂಶೋಧಕನಿಗೆ ಅವು ಕಾಣುವುದೇ ಇಲ್ಲ. ಯಂತ್ರ ಕೊಟ್ಟ ಸಂಖ್ಯೆಯೆಂದು ಆ ಕೊರತೆಯ ಮೊತ್ತ ಪ್ರಬಂಧಗಳಿಗೂ ಏರುತ್ತದೆ.

ಆದ್ದರಿಂದ ಆನುವಂಶಿಕತೆಯನ್ನು ಶಾಸನಕ್ಕಲ್ಲದೆ ಅದರಲ್ಲಿ ನಿರೂಪಿತವಾದ ಕ್ರಿಯೆಗೆ ಅನ್ವಯಿಸುವುದು ಉಚಿತ. ಒಂದು ಶಾಸನಕ್ಕೆ ಅನೇಕ ಕ್ರಿಯೆಗಳು. ‘ಕ್ರಿಯೆ’ ಎಂಬ ಮಾತೃಕೋಷ್ಟಕಕ್ಕೆ ದಾನ, ಮರಣ, ವಿಜಯ, ಪ್ರತಿಷ್ಠೆ ಎಂಬ ಉಪಕೋಷ್ಟಕಗಳು. ದಾನವು ಎಂದೂ ಮರಣವಾಗದು. ಹಾಗಾಗಿ ಇಲ್ಲಿ ವಿಭಜನೆ ಬಾಧಕವಲ್ಲ. ಶಿಲೆ, ತಾಮ್ರಪಟ ಎಂಬ ಮಾಧ್ಯಮಭೇದಕ್ಕೂ ಈ ಕ್ರಮ ಹೊಂದುತ್ತದೆ. ಆತಕೂರಿನ ಕಲ್ಲು ಆಗ ಒಂದೇ ಶಾಸನವಾಗಿ ಉಳಿದು, ಅದಕ್ಕೆ ಮರಣದ ಒಂದು ಸಾಲೂ, ವಿಜಯದ ಒಂದು ಸಾಲೂ, ದಾನದ ಹಲವು ಸಾಲುಗಳೂ ಸೇರುತ್ತವೆ.

ಸ್ಥಳವನ್ನೂ ಪ್ರಭೇದವಾಗಿಸಬಾರದು, ಸಂಪುಟದ ಕ್ರಮಾಂಕವನ್ನೂ ಕೀಲಿಯಾಗಿಸಬಾರದು. ರೈಸ್ ಅವರ ಕಾಲದಲ್ಲಿ ಮಂಡ್ಯ ಮೈಸೂರು ಜಿಲ್ಲೆಯ ತಾಲ್ಲೂಕು. ೧೯೩೯ರಲ್ಲಿ ಅದು ಜಿಲ್ಲೆಯಾಯಿತು. ಚಾಮರಾಜನಗರ ೧೯೯೭ರಲ್ಲಿ ಬೇರೆಯಾಯಿತು. ಆತಕೂರು ಈಗ ಮದ್ದೂರು ತಾಲ್ಲೂಕಿನಲ್ಲಿದೆ, ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಶಾಸನಕ್ಕೆ ಅರ್ಥರಹಿತವಾದ ಒಂದು ಆಂತರಿಕ ಸಂಖ್ಯೆಯನ್ನು ಕೊಟ್ಟು, ಆವೃತ್ತಿ, ಸಂಪುಟ, ತಾಲ್ಲೂಕು ಮತ್ತು ಕ್ರಮಾಂಕಗಳನ್ನು ಉಲ್ಲೇಖಕೋಷ್ಟಕದಲ್ಲಿಯೂ, ದೊರೆತ ನೆಲೆ ಹಾಗೂ ಇಂದಿನ ನೆಲೆಗಳನ್ನು ವರ್ಷಸಹಿತವಾಗಿ ಸ್ಥಳಕೋಷ್ಟಕದಲ್ಲಿಯೂ ಇರಿಸಿದರೆ, ೧೮೯೪ರ ಸಂಖ್ಯೆಯಿಂದ ಹುಡುಕುವವರೂ ಪರಿಷ್ಕೃತ ಆವೃತ್ತಿಯ ಸಂಖ್ಯೆಯಿಂದ ಹುಡುಕುವವರೂ ಅದೇ ಶಾಸನವನ್ನು ತಲುಪುತ್ತಾರೆ.