ನೋಡುವುದು ಕಣ್ಣೋ, ಮಿದುಳೋ?

ಕಣ್ಣಿರುವುದು ಮುಖದ ಮುಂದೆ.
ನೋಟ ಮೂಡುವುದು ತಲೆಯ ಹಿಂಭಾಗದಲ್ಲಿ. ಅದು ಹೇಗೆ?

ಬೆಳಕು ಮೊದಲು ಕಣ್ಣೊಳಗಿನ ಪರದೆಯಾದ ರೆಟಿನಾದ ಮೇಲೆ ಬೀಳುತ್ತದೆ,
ತಲೆಕೆಳಗಾದ ಚಿತ್ರವಾಗಿ.
ಅಲ್ಲಿನ ಸುಮಾರು 10 ಕೋಟಿ ಕೋಶಗಳು
ಬೆಳಕನ್ನು ನರಸಂಕೇತವಾಗಿ ಬದಲಿಸುತ್ತವೆ.
ಅದನ್ನು ಹೊತ್ತೊಯ್ಯುವ ದೃಷ್ಟಿ ನರದಲ್ಲಿ
ಇರುವುದು ಸುಮಾರು 10 ಲಕ್ಷ ಎಳೆಗಳಷ್ಟೇ!
ಅಂದರೆ, ಆಯ್ದು ಅಡಕಗೊಳಿಸುವ ಕೆಲಸ
ಕಣ್ಣಲ್ಲೇ ಶುರು.

ನಿಜವಾದ ಅಚ್ಚರಿ ಮುಂದಿದೆ.
ಮಿದುಳಿನ ಬುಡದಲ್ಲಿ ಎರಡೂ ಕಣ್ಣುಗಳ ನರಗಳು ಸೇರುತ್ತವೆ.
ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹಳಿ ಬದಲಿಸುವಂತೆ,
ಮೂಗಿನ ಕಡೆಯ ಎಳೆಗಳು
ಎದುರು ಬದಿಗೆ ದಾಟುತ್ತವೆ.
ಕಿವಿಯ ಕಡೆಯವು ದಾಟುವುದಿಲ್ಲ.
ಹಾಗಾಗಿ ಎಡಗಡೆಯ ದೃಶ್ಯ,
ಯಾವ ಕಣ್ಣು ಕಂಡರೂ,
ಬಲ ಮಿದುಳಿಗೆ.
ಬಲಗಡೆಯದು ಎಡಕ್ಕೆ.

ದಾರಿಯ ನಡುವೆ ಥಲಾಮಸ್ ಎಂಬ ಮಿದುಳಿನ ಭಾಗ.
ಅಲ್ಲಿಂದ ತಲೆಯ ಹಿಂಬದಿಯ ದೃಷ್ಟಿ ವಲಯ.
ಅಂಚು, ಓರೆ, ಚಲನೆ
ಅಲ್ಲಿ ಗುರುತಾಗುತ್ತವೆ.

ಬಳಿಕ ಎರಡು ಹಾದಿ.
ಕಿವಿಯ ಕಡೆ ಸಾಗುವುದು, ಕಂಡದ್ದು ಏನೆಂದು ತಿಳಿಯುತ್ತದೆ.
ನೆತ್ತಿಯ ಕಡೆ ಸಾಗುವುದು, ಅದು ಎಲ್ಲಿದೆ ಎಂದು.